ಪೂರ್ತಿ ಇಳಿಯದ ಪಾಠ

ನಮ್ಮೂರಿನಲ್ಲಿ ಫೈಲು ಇಳಿಯುತ್ತಿರುವಾಗ ಯಾರೂ ಮಾತಾಡುವುದಿಲ್ಲ. ಬಸ್ಸು ಹಾರನ್ ಹೊಡೆಯಬಹುದು, ನಾಯಿ ಬೊಗಳಬಹುದು, ಪಕ್ಕದ ಹೋಟೆಲಿನಲ್ಲಿ ಕುಕ್ಕರು ಕೂಗಬಹುದು, ಅದರಿಂದ ಏನೂ ಆಗುವುದಿಲ್ಲ. ಮನುಷ್ಯರ ದನಿ ಮಾತ್ರ ಕಂಪ್ಯೂಟರಿನ ಹತ್ತಿರ ಕೇಳಿಸಬಾರದು. ಯಾರಾದರೂ ಒಂದು ಮಾತಾಡಿದರೆ ಪರದೆಯ ಮೇಲಿನ ಹಸಿರು ಗೆರೆ ಇದ್ದಲ್ಲೇ ನಿಲ್ಲುತ್ತದೆ. ಉಳಿದವರು ಸುಮ್ಮನಿದ್ದುಬಿಟ್ಟರೆ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ ಮತ್ತೆ ಹೊರಡುತ್ತದೆ. ಆ ಮಾತಿಗೆ ಇನ್ನೊಬ್ಬರು ಉತ್ತರ ಕೊಟ್ಟರೆ ಮುಗಿಯಿತು. ಗೆರೆ ಕೆಂಪಗಾಗಿ 'ವಿಫಲ' ಎಂದು ಬರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬೇರೆ ಊರಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತಂದರಾಯಿತಲ್ಲ ಎಂದು ಹೊಸಬರು ಕೇಳುತ್ತಾರೆ. ತಂದು ನೋಡಿದವರಿದ್ದಾರೆ. ಹೊಳೆಯ ಸೇತುವೆ ದಾಟುತ್ತಲೇ ಅದು ಖಾಲಿಯಾಗಿರುತ್ತದೆ.

ಎಲ್ಲ ಕಡೆ ಹೀಗಿಲ್ಲ ಎಂದು ನನಗೆ ಗೊತ್ತಾದದ್ದು ಎಂ.ಎ. ಓದಲು ಹೋದಾಗ. ಹಾಸ್ಟೆಲಿನ ಹುಡುಗರು ಸಿನಿಮಾ ಇಳಿಯಲು ಬಿಟ್ಟು ಅದರ ಪಕ್ಕದಲ್ಲೇ ಕೂತು ಜಗಳವಾಡುತ್ತಿದ್ದರು, ಹಾಡು ಹೇಳುತ್ತಿದ್ದರು. ಸಿನಿಮಾ ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ನನಗೆ ಅದು ಯಾರೋ ಮಲಗಿರುವ ಕೋಣೆಯಲ್ಲಿ ತಮಟೆ ಬಾರಿಸಿದ ಹಾಗೆ ಅನ್ನಿಸಿ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಅಲ್ಲಿ ತತ್ವಶಾಸ್ತ್ರ ಓದಿದೆ. ಮೌನದ ಬಗ್ಗೆ ಅಲ್ಲಿ ಬಹಳ ಮಾತಾಡಿದರು. ಓದು ಮುಗಿದ ಮೇಲೆ ಊರಿಗೆ ಬಂದು, ಅಪ್ಪ ನಡೆಸುತ್ತಿದ್ದ ಕಂಪ್ಯೂಟರ್ ಕೋಣೆಯ ಬೀಗ ತೆಗೆದು ಕಸ ಗುಡಿಸಿದೆ.

ಕೋಣೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ದಪ್ಪ ಗೋಡೆ, ಓಣಿಯ ಕಡೆಗೊಂದು ಕಿಟಕಿ. ಒಳಗೆ ನಾಲ್ಕು ಕಂಪ್ಯೂಟರುಗಳು. ಬಾಗಿಲ ಹೊರಗೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಅಪ್ಪನೇ ಬರೆದು ನೇತುಹಾಕಿದ ಬೋರ್ಡು: ಚಪ್ಪಲಿ ಮತ್ತು ಮಾತು ಇಲ್ಲೇ ಬಿಡಿ. ಬಂದವರು ಮೊದಲು ಕಟ್ಟೆಯ ಮೇಲೆ ಕೂತು ಆಡುವುದನ್ನೆಲ್ಲ ಆಡಿ ಮುಗಿಸುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಯಾರದಾದರೂ ಫೈಲು ಪೂರ್ತಿ ಇಳಿದರೆ ನಾನು ಹೋಗಿ ಅವರ ಭುಜ ಮುಟ್ಟುತ್ತೇನೆ. ಯಾರಾದರೂ ಮರೆತು ಬಾಯಿಬಿಟ್ಟರೆ ಬಲಗೈ ಮೇಲೆತ್ತುತ್ತೇನೆ. ನನ್ನ ಕೈ ಮೇಲಿರುವಷ್ಟು ಹೊತ್ತು ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಗೆರೆಗಳು ಮತ್ತೆ ಹರಿಯಲು ಶುರುವಾದ ಮೇಲೆ ಕೈ ಇಳಿಸುತ್ತೇನೆ. ನನ್ನ ಕೆಲಸ ಇಷ್ಟೇ. ಈ ಕೆಲಸ ನನಗೆ ಹಿಡಿಸಿತ್ತು ಎಂದರೆ ಯಾರೂ ನಂಬುವುದಿಲ್ಲ.

ಪೂರ್ತಿ ಇಳಿದ ಫೈಲುಗಳು ಜನರ ಜೊತೆ ಹೋಗಿಬಿಡುತ್ತವೆ. ಅರ್ಧಕ್ಕೆ ನಿಂತವು ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಅವು ತೆರೆಯುವುದಿಲ್ಲ, ಯಾರಿಗೂ ಬೇಕಾಗಿಲ್ಲ, ಅಳಿಸಿದರೆ ಜಾಗವಾದರೂ ಆಗುತ್ತದೆ. ಆದರೂ ನಾನು ಅಳಿಸುವುದಿಲ್ಲ. ಪ್ರತಿಯೊಂದೂ ಎಲ್ಲಿ ನಿಂತಿದೆಯೋ ಅಲ್ಲಿ ಯಾರೋ ಏನೋ ಹೇಳಿದ್ದಾರೆ. ಒಂದು ಭಜನೆ ಅರ್ಧಕ್ಕೆ ನಿಂತಿದೆ. ಅದನ್ನು ಇಳಿಸುತ್ತಿದ್ದ ಹೆಂಗಸಿನ ತಮ್ಮ, ಮನೆ ಬಿಟ್ಟು ಹೋಗಿದ್ದವನು, ಆ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತಿದ್ದ. ಅವಳು "ಉಂಡ್ಯಾ?" ಎಂದಳು. ಅವನು "ಇಲ್ಲಕ್ಕಾ" ಎಂದ. ಫೋಲ್ಡರಿನಲ್ಲಿ ಭಜನೆಯ ಹೆಸರಷ್ಟೇ ಇದೆ, ಅದರ ಬಾಲಕ್ಕೆ ಅರ್ಥವಿಲ್ಲದ ಅಕ್ಷರಗಳಿವೆ. ಆದರೆ ನನಗೆ ಅದು ಆ ಇಬ್ಬರ ಫೈಲು.

ಇಂಥ ಊರಿನಲ್ಲಿ ಮಕ್ಕಳನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಪ್ರತಿ ಮಗುವಿಗೂ ಒಂದು ಚಪ್ಪಾಳೆ ಇರುತ್ತದೆ. ನನ್ನದು ಒಂದು ಜೋರು, ಎರಡು ಮೆಲ್ಲಗೆ. ಅಪ್ಪನ ದನಿ ನನಗೆ ಅಷ್ಟಾಗಿ ನೆನಪಿಲ್ಲ, ಅಂಗೈ ಚೆನ್ನಾಗಿ ನೆನಪಿದೆ. ಜೋಗುಳವನ್ನು ಇಲ್ಲಿ ತೊಡೆಯ ಮೇಲೆ ತಟ್ಟುತ್ತಾರೆ. ಅಳದ, ಚೀರದ ಕೂಸನ್ನು ನೋಡಿದರೆ ನೆರೆಯವರು "ಪುಣ್ಯವಂತ ಮಗು" ಎಂದು ಕೆನ್ನೆ ಸವರಿ ಹೋಗುತ್ತಾರೆ. ನನ್ನ ಮೊದಲ ಮಾತು ಯಾವುದೆಂದು ಒಮ್ಮೆ ಅಮ್ಮನನ್ನು ಕೇಳಿದ್ದೆ. "ಮಾತು ನೆನಪಿಲ್ಲಪ್ಪ. ಅವತ್ತು ನಿಮ್ಮಪ್ಪ ಇಳಿಸ್ತಿದ್ದ ಹಾಡು ಕಡಿದು ಹೋಯ್ತು ಅನ್ನೋದು ನೆನಪೈತೆ" ಎಂದಳು.

ವಸುಮತಿ ಬಂದದ್ದು ನವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ. ಅವಳ ಗಂಡ ತಿಪ್ಪೇಶ ನನಗೆ ಗೊತ್ತಿದ್ದವನೇ. ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರ ಮೊಬೈಲಿಗೆ ಹಾಡು, ಸಿನಿಮಾ ತುಂಬಿಕೊಡುವುದು ಅವನ ಕಸುಬು. ವಸುಮತಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು, ಎತ್ತಿಕೊಳ್ಳುವ ವಯಸ್ಸು ಮೀರಿದ ಮಗು. ಶಾಂಭವಿ ಎಂದು ಹೆಸರು. ದೊಡ್ಡ ಕಣ್ಣು, ಎರಡು ಜುಟ್ಟು. ಕಟ್ಟೆಯ ಮೇಲೆ ಇಳಿಸಿದ ಕೂಡಲೇ ಅದು ಸಾಲಿನಲ್ಲಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಸರಿಪಡಿಸತೊಡಗಿತು.

"ವಿರೂಪಣ್ಣಾ, ಒಂದ್ ದೊಡ್ಡ ಫೈಲ್ ಇಳಿಸ್ಬೇಕು. ಮನೇಲಿ ಆಗ್ತಾ ಇಲ್ಲ. ಗಿರಾಕಿಗಳು ಬರ್ತಾರೆ, ಹೋಗ್ತಾರೆ, ಯಾವನೋ ಒಬ್ಬ ಬಾಯಿ ಬಿಡ್ತಾನೆ" ಎಂದಳು.

ಏನು ಫೈಲೆಂದು ಕೇಳಿದೆ. ಅವಳು ಮಗಳ ಕಡೆ ನೋಡಿ ದನಿ ತಗ್ಗಿಸಿದಳು. ಕಟ್ಟೆಯ ಮೇಲೆ ದನಿ ತಗ್ಗಿಸಬೇಕಾಗಿರಲಿಲ್ಲ.

"ನಾಲ್ಕು ತುಂಬ್ತು. ಇನ್ನೂ ಒಂದ್ ಮಾತೂ ಆಡಿಲ್ಲ ಅಣ್ಣಾ. ನಮಗೆ ಗೊತ್ತೇ ಆಗ್ಲಿಲ್ಲ. ಚಪ್ಪಾಳೆ ತಟ್ಟಿದ್ರೆ ಬರ್ತಾಳೆ, ನೀರು ಬೇಕಾದ್ರೆ ಲೋಟ ತಂದು ಕೊಡ್ತಾಳೆ. ಎಲ್ಲಾರೂ ಪುಣ್ಯವಂತೆ ಪುಣ್ಯವಂತೆ ಅಂತಿದ್ರು. ನಾನೂ ಹಿಗ್ತಾ ಇದ್ದೆ." ಮುಂದುವರಿಸಿದಳು: "ಜಿಲ್ಲಾಸ್ಪತ್ರೆಗೆ ಕರ್ಕೊಂಡ್ ಹೋಗಿದ್ವಿ. ಕಿವಿ ಸರಿ ಐತೆ, ನಾಲಿಗೆ ಸರಿ ಐತೆ ಅಂದ್ರು ಡಾಕ್ಟ್ರಮ್ಮ. ಮನೇಲಿ ಮಗು ಜೊತೆ ಮಾತಾಡ್ತೀರಾ ಅಂತ ಕೇಳಿದ್ರು. ಆಡ್ತೀವಿ ಅಂದೆ. ಆಮೇಲೆ ಬಸ್ಸಲ್ಲಿ ಕೂತು ಯೋಚ್ನೆ ಮಾಡಿದ್ರೆ, ಯಾವಾಗ ಆಡಿದ್ದು ಅಂತ ನೆನಪೇ ಬರ್ಲಿಲ್ಲ."

ಡಾಕ್ಟರು ಒಂದು ಲಿಂಕು ಕೊಟ್ಟಿದ್ದರು. ಮಾತು ಬಾರದ ಮಕ್ಕಳ ತಾಯಂದಿರಿಗಾಗಿ ಮಾಡಿದ ವೀಡಿಯೊ ಪಾಠಗಳು, ಎಲ್ಲ ಒಂದೇ ಗಂಟಿನಲ್ಲಿ. ಹಬ್ಬ ಕಳೆದ ಮೇಲೆ ಮಗುವನ್ನು ಮತ್ತೆ ತೋರಿಸಬೇಕು. ಅಷ್ಟರಲ್ಲಿ ಒಂದು ಮಾತೂ ಬರದಿದ್ದರೆ ದೂರದ ನಗರದಲ್ಲಿರುವ ವಸತಿ ಶಾಲೆಗೆ ಸೇರಿಸಬೇಕಾಗುತ್ತದೆ.

"ಅಲ್ಲಿ ಅವಳ ಚಪ್ಪಾಳೆ ಯಾರಿಗೆ ಗೊತ್ತಾಗ್ತೈತೆ ಅಣ್ಣಾ?" ಎಂದಳು ವಸುಮತಿ.

"ಪಾಠ ಬರೋವರೆಗೂ ಯಾಕೆ ಕಾಯ್ತೀಯಮ್ಮ, ಈಗಿಂದ್ಲೇ ಮಾತಾಡ್ಸು."

"ಏನಂತ ಮಾತಾಡ್ಸಲಿ? ಎದುರಿಗೆ ಕೂರಿಸ್ಕೊಂಡು ಬಾಯಿ ತೆಗೀತೀನಿ, ಏನೂ ಹೊಳೆಯಲ್ಲ. ಅಭ್ಯಾಸ ಇಲ್ಲ. ಮಗೂಗೆ ಏನೇನ್ ಹೇಳ್ಬೇಕು ಅಂತ ಅದ್ರಲ್ಲಿ ಹೇಳ್ಕೊಡ್ತಾರಂತೆ."

ನನಗೂ ಏನೂ ಹೊಳೆಯಲಿಲ್ಲ. ಅವಳಿಗೆ ಕಿಟಕಿಯ ಪಕ್ಕದ ಕಂಪ್ಯೂಟರ್ ತೋರಿಸಿದೆ.

ಮೊದಲ ದಿನ ಗೆರೆ ಅರ್ಧ ದಾಟಿತ್ತು. ಪಕ್ಕದೂರಿನವನೊಬ್ಬ ಬೋರ್ಡು ಓದದೆ ಚಪ್ಪಲಿ ಹಾಕಿಕೊಂಡೇ ನುಗ್ಗಿ "ಜೆರಾಕ್ಸ್ ಮಾಡ್ತೀರೇನ್ರೀ?" ಎಂದ. ಮೂಲೆಯಲ್ಲಿದ್ದ ಹಾಲಪ್ಪಜ್ಜ ತಡೆಯಲಾರದೆ "ಇಲ್ಲ" ಎಂದುಬಿಟ್ಟ. ನಾಲ್ಕು ಗೆರೆಗಳೂ ಒಟ್ಟಿಗೆ ಕೆಂಪಾದವು.

ಹಾಲಪ್ಪಜ್ಜನ ಬಗ್ಗೆ ಹೇಳಬೇಕು. ಅವನು ಬಸ್ ಕಂಡಕ್ಟರಾಗಿದ್ದವನು. ಜೀವಮಾನವಿಡೀ ಕೂಗುವುದೇ ಕೆಲಸವಾಗಿದ್ದವನಿಗೆ ನಮ್ಮ ಕೋಣೆ ಜೈಲಿದ್ದ ಹಾಗೆ. ಆದರೂ ದಿನಾ ಬರುತ್ತಿದ್ದ. ಅವನ ಹರೆಯದಲ್ಲಿ ಊರಿನವರು ಆಡಿದ ಒಂದು ಬಯಲಾಟವನ್ನು ಯಾರೋ ಪುಣ್ಯಾತ್ಮರು ಚಿತ್ರೀಕರಿಸಿಕೊಂಡಿದ್ದನ್ನು ಈಗ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದರಲ್ಲಿ ಹಾಲಪ್ಪಜ್ಜ ದ್ವಾರಪಾಲಕ. ಇಡೀ ಆಟಕ್ಕೆ ಅವನದು ಒಂದೇ ಮಾತು. ಆ ಮಾತನ್ನು ಅವನು ರಂಗದ ಮೇಲೆ ಮರೆತು ಬೆಪ್ಪನಂತೆ ನಿಂತಿದ್ದ ಎಂದು ಅವನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಇಲ್ಲ, ಹೇಳಿದ್ದೆ, ಸ್ಪಷ್ಟವಾಗಿ ಹೇಳಿದ್ದೆ ಎನ್ನುತ್ತಾನೆ ಇವನು. ಫೈಲು ಇಳಿಸಿ ಅವಳ ಮುಂದಿಟ್ಟು ಬಾಯಿ ಮುಚ್ಚಿಸಬೇಕು. ಆದರೆ ಪ್ರತಿಸಲ ಇವನ ಬಾಯಿಯೇ ತೆರೆದುಕೊಳ್ಳುತ್ತಿತ್ತು.

ಎರಡನೆಯ ಸಲವೂ ಕೆಡಿಸಿದವನು ಅವನೇ. ಸೀನು ಬಂತು. ಸೀನಿದರೆ ಏನೂ ಆಗುವುದಿಲ್ಲ, ಸೀನಿದ ಮೇಲೆ "ಶಿವಾ" ಎಂದ. ನಾನು ಕೈ ಎತ್ತಿದೆ. ಎಲ್ಲರೂ ಬಿಗಿಹಿಡಿದು ಕೂತಿದ್ದರೆ ಉಳಿಯುತ್ತಿತ್ತೇನೋ, ಅಷ್ಟರಲ್ಲಿ ಅವನೇ ತಲೆ ಚಚ್ಚಿಕೊಂಡು "ಅಯ್ಯೋ, ತಪ್ಪಾಯ್ತು" ಎಂದ. ತನ್ನ ಮಾತಿಗೆ ತಾನೇ ಉತ್ತರ ಕೊಟ್ಟುಕೊಂಡು ಫೈಲು ಕಳೆದುಕೊಂಡವನನ್ನು ನಾನು ಅದೇ ಮೊದಲು ನೋಡಿದ್ದು.

ಹೊರಗೆ ಕಟ್ಟೆಯ ಮೇಲೆ ಮುಬೀನಾ ಅವನನ್ನು ತರಾಟೆಗೆ ತೆಗೆದುಕೊಂಡಳು. ನರ್ಸಿಂಗ್ ಓದುವ ಹುಡುಗಿ, ಪರೀಕ್ಷೆಯ ಪಾಠಗಳನ್ನು ಇಳಿಸಲು ಬರುತ್ತಿದ್ದಳು. "ಅಜ್ಜಾ, ನಿಮ್ ಬಾಯಿಗೆ ನಾನೇ ಪ್ಲಾಸ್ಟರ್ ಹಾಕ್ತೀನಿ. ನಮ್ ಕಾಲೇಜಲ್ಲಿ ಬೇಕಾದಷ್ಟೈತೆ."

"ಹಾಕಮ್ಮ ತಾಯಿ, ನನ್ ಹೆಂಡ್ತಿ ನಿಂಗೆ ಸೀರೆ ಉಡಿಸ್ತಾಳೆ" ಎಂದ ಹಾಲಪ್ಪಜ್ಜ. ಆಮೇಲೆ ಚಪ್ಪಲಿ ಜೋಡಿಸುತ್ತಿದ್ದ ಶಾಂಭವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನ್ ಪಾಠ ಹಾಳ್ ಮಾಡ್ದೆ ಕಣವ್ವಾ. ನಾಳೆ ಬಾಯಿಗೆ ಬಟ್ಟೆ ಕಟ್ಕೊಂಡ್ ಬರ್ತೀನಿ, ನೋಡ್ತಿರು" ಎಂದ. ಮಗು ಅವನ ಬಾಯನ್ನೇ ನೋಡುತ್ತಿತ್ತು. ಅಷ್ಟು ಮಾತು ಒಂದೇ ಬಾಯಿಂದ ಹೊರಬೀಳುವುದನ್ನು ಅದು ಹೆಚ್ಚು ಕಂಡಿರಲಿಲ್ಲ.

ಮರುದಿನ ಲಿಂಕಿನ ಕೊನೆಯ ದಿನ. ಸಂಜೆಯ ಮೇಲೆ ಅದು ತೆರೆಯುವುದಿಲ್ಲವೆಂದು ಆಸ್ಪತ್ರೆಯವರು ಹೇಳಿದ್ದರು. ವಸುಮತಿ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದಳು. ಮುಬೀನಾ ಬಂದಳು. ಹಾಲಪ್ಪಜ್ಜ ಹೇಳಿದಂತೆಯೇ ಕೆಂಪು ಅಂಚಿನ ಟವೆಲನ್ನು ಮೂಗಿನ ಕೆಳಗಿಂದ ಗದ್ದದವರೆಗೆ ಸುತ್ತಿ ತಲೆಯ ಹಿಂದೆ ಗಂಟು ಹಾಕಿಕೊಂಡು ಬಂದಿದ್ದ. ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದ. ಒಳಗೆ ಕಾಲಿಡುವ ಮೊದಲು ವಸುಮತಿ ಮಗಳ ಜುಟ್ಟು ಸರಿಮಾಡಿ ಮೆಲ್ಲಗೆ ಹೇಳಿದಳು: "ಸುಮ್ನೆ ಕೂತ್ಕೋಬೇಕು ಬಂಗಾರಿ. ಒಳಗೆ ನಿನ್ ಮಾತು ಇಳೀತಾ ಐತೆ."

ನಾನು ಬಾಗಿಲು ಹಾಕಿ ಕಿಟಕಿಯ ಚಿಲಕ ಸಿಕ್ಕಿಸಿದೆ.

ಅವತ್ತಿನ ಮೌನದಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬರಿದಾದ ಕೋಣೆಯ ಮೌನ ಬೇರೆ. ಇದು ಮೂರು ಜನ ಮೂರು ಕಡೆಯಿಂದ ಹಿಡಿದು ನಿಂತ ಮೌನ, ನೀರು ತುಂಬಿದ ಕೊಪ್ಪರಿಗೆಯನ್ನು ಚೆಲ್ಲದಂತೆ ಹೊತ್ತ ಹಾಗೆ. ಫ್ಯಾನು ತಿರುಗುತ್ತಿತ್ತು. ಹೋಟೆಲಿನಿಂದ ಒಗ್ಗರಣೆಯ ವಾಸನೆ ಬಂದು ಹೋಯಿತು. ಶಾಂಭವಿ ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, ಒಮ್ಮೆ ಗೆರೆಯನ್ನು, ಒಮ್ಮೆ ಹಾಲಪ್ಪಜ್ಜನ ಟವೆಲನ್ನು ನೋಡುತ್ತಿತ್ತು. ಟವೆಲೇ ಅದಕ್ಕೆ ಹೆಚ್ಚು ಹಿಡಿಸಿದ ಹಾಗಿತ್ತು. ವಸುಮತಿ ಕೈ ಕಟ್ಟಿಕೊಂಡು ಪರದೆಯ ಮುಂದೆ ದೇವರ ಮುಂದೆ ಕೂತಂತೆ ಕೂತಿದ್ದಳು.

ಮಧ್ಯಾಹ್ನ ಇಳಿಹೊತ್ತಾಯಿತು. ಮೂವರ ಗೆರೆಗಳೂ ತುದಿಯ ಹತ್ತಿರ ಬಂದಿದ್ದವು. ಹಾಲಪ್ಪಜ್ಜನದು ಇಷ್ಟು ದೂರ ಯಾವತ್ತೂ ಬಂದಿರಲಿಲ್ಲ. ಆದರೆ ಅದನ್ನು ನೋಡಲು ಅವನಿಗೆ ಎಚ್ಚರವಿರಲಿಲ್ಲ. ಕೂತಲ್ಲೇ ತೂಕಡಿಸುತ್ತಿದ್ದ. ತಲೆ ಮುಂದಕ್ಕೆ ವಾಲುತ್ತಿತ್ತು, ಮತ್ತೆ ಏಳುತ್ತಿತ್ತು. ಪ್ರತಿಸಲ ವಾಲಿದಾಗಲೂ ಟವೆಲಿನ ಗಂಟು ಒಂದಿಷ್ಟು ಸಡಿಲವಾಗುತ್ತಿತ್ತು. ಕೊನೆಗೊಮ್ಮೆ ಗದ್ದ ಎದೆಗೆ ತಾಗಿತು. ಟವೆಲು ಬಾಯಿಯಿಂದ ಜಾರಿ, ತೊಡೆಯ ಮೇಲೆ ಕ್ಷಣ ನಿಂತು, ನೆಲಕ್ಕಿಳಿಯಿತು.

"ಬಿತ್ತು."

ಸ್ಪಷ್ಟವಾದ, ಸಣ್ಣ ದನಿ. ಯಾರದೆಂದು ನನಗೆ ತಕ್ಷಣ ತಿಳಿಯಲಿಲ್ಲ, ಏಕೆಂದರೆ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಗೆರೆಗಳೆಲ್ಲ ನಿಂತವು. ಮುಬೀನಾಳ ಬೆರಳು ತುಟಿಯ ಮೇಲೆ ಹೋಯಿತು. ವಸುಮತಿಯ ಬೆರಳೂ ಹೋಯಿತು, ಮಗಳ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ. ನನ್ನ ಬಲಗೈ ತಾನಾಗಿ ಮೇಲೆದ್ದಿತು. ಹುಟ್ಟಿದಾಗಿನಿಂದ ಕಲಿತದ್ದನ್ನು ನಮ್ಮ ಕೈಗಳು ನಮ್ಮನ್ನು ಕೇಳದೆ ಮಾಡಿದವು. ಎಚ್ಚರವಾದ ಹಾಲಪ್ಪಜ್ಜ ಏನಾಯಿತೆಂದು ತಿಳಿಯದೆ, ಎತ್ತಿದ್ದ ನನ್ನ ಕೈ ನೋಡಿ, ತಾನೇ ಬಾಯಿಬಿಟ್ಟೆನೇನೋ ಎಂಬ ಗಾಬರಿಯಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಶಾಂಭವಿ ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಆಮೇಲೆ ತನ್ನ ಅಂಗೈಯನ್ನು ತನ್ನ ಬಾಯಿಯ ಮೇಲಿಟ್ಟು ಒತ್ತಿಕೊಂಡಿತು. ಅಲ್ಲಾಡುತ್ತಿದ್ದ ಕಾಲು ನಿಂತಿತು.

ಗೆರೆಗಳು ಮತ್ತೆ ಹರಿಯತೊಡಗಿದವು. ಮೊದಲು ಮುಬೀನಾಳದು, ಆಮೇಲೆ ಉಳಿದವು. ವಸುಮತಿಯ ಬೆರಳು ಇನ್ನೂ ತುಟಿಯ ಮೇಲಿತ್ತು, ಆದರೆ ಮುಖ ಬದಲಾಗಿತ್ತು. ಕೇಳಿದ್ದೇನು ಎಂದು ಆಗಷ್ಟೇ ಅವಳೊಳಗೆ ಇಳಿಯುತ್ತಿತ್ತು. ಅವಳು ಮಗಳನ್ನು ನೋಡಿದಳು. ಪರದೆ ನೋಡಿದಳು. ಉಳಿದಿದ್ದದ್ದು ಬಹಳ ಸ್ವಲ್ಪ. ಇನ್ನೊಂದಿಷ್ಟು ಹೊತ್ತು ಹೀಗೇ ಕೂತರೆ ಪಾಠವೂ ಬರುತ್ತದೆ, ಆಮೇಲೆ ಬೇಕಾದಷ್ಟು ಮಾತಾಡಿಸಬಹುದು, ಎಲ್ಲವೂ ಸಿಗುತ್ತದೆ. ಲೆಕ್ಕ ಹಾಗೇ ಹೇಳುತ್ತಿತ್ತು. ನಾನೂ ಅದೇ ಲೆಕ್ಕ ಹಾಕುತ್ತಿದ್ದೆ, ಕೈ ಮೇಲೆತ್ತಿಕೊಂಡು.

ಆದರೆ ಮಗು ನಮ್ಮನ್ನು ನೋಡುವುದನ್ನು ಬಿಟ್ಟಿತ್ತು. ತಲೆ ತಗ್ಗಿಸಿ, ಬಾಯಿಯ ಮೇಲಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿತ್ತು, ಅದು ಜಾರಿ ಹೋಗಬಾರದೆಂಬಂತೆ. ನಮ್ಮ ಮನೆಯಲ್ಲೂ ಒಂದು ದಿನ ಎಲ್ಲರ ಬೆರಳುಗಳು ಹೀಗೇ ತುಟಿಯ ಮೇಲೆ ಹೋಗಿರಬೇಕು ಅನ್ನಿಸಿತು. ನಾನು ಏನೋ ಅಂದಿರಬೇಕು. ಏನೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ನಾನು ಕೈ ಇಳಿಸಿದೆ. ಗೆರೆ ಹರಿಯತೊಡಗಿದ ಮೇಲೆ ಇಳಿಸುವ ಹಾಗಲ್ಲ. ವಸುಮತಿಯ ಕಣ್ಣನ್ನೇ ನೋಡುತ್ತ, ಸೊಂಟದವರೆಗೆ ತಂದು ಅಂಗೈ ಬಿಚ್ಚಿದೆ. ನಿನ್ನ ಇಷ್ಟ, ಎನ್ನುವ ಹಾಗೆ. ಅವಳಿಗೆ ಅರ್ಥವಾಯಿತು. ಅವಳು ಇನ್ನೊಂದು ಸಲ ಗೆರೆಯ ಕಡೆ ನೋಡಿದಳು, ಬಸ್ಸು ಹತ್ತಿದವರು ನಿಲ್ದಾಣದಲ್ಲಿ ಉಳಿದವರನ್ನು ನೋಡುವಂತೆ. ಆಮೇಲೆ ಮಗಳ ಸ್ಟೂಲಿನ ಮುಂದೆ ನೆಲದ ಮೇಲೆ ಕೂತಳು.

"ಏನ್ ಬಿತ್ತು, ಶಾಂಭವಿ?"

ಗೆರೆಗಳು ನಿಂತವು. ಮಗು ಕೈ ತೆಗೆಯಲಿಲ್ಲ. ಒಂದು ಮಾತಾಗಿತ್ತು, ಉತ್ತರ ಬಂದಿರಲಿಲ್ಲ. ಈಗಲೂ ನಾವೆಲ್ಲ ಸುಮ್ಮನಿದ್ದುಬಿಟ್ಟರೆ ಮೂರೂ ಫೈಲುಗಳು ಉಳಿಯುತ್ತಿದ್ದವು. ಅದು ಎಲ್ಲರಿಗೂ ಗೊತ್ತಿತ್ತು. ಹಾಲಪ್ಪಜ್ಜನಿಗೂ ಗೊತ್ತಿತ್ತು. ಅವನು ಬಾಯಿ ಮುಚ್ಚಿದ ಕೈಗಳ ಮೇಲಿನಿಂದ ತನ್ನ ಪರದೆ ನೋಡಿದ. ತುದಿಗೆ ಒಂದು ಬೆರಳಿನಷ್ಟು ಜಾಗ. ಅದರಾಚೆ ಅವನ ಹರೆಯ, ಕೈಯಲ್ಲಿ ಕೋಲು, ಹೇಳಿದನೋ ಹೇಳಲಿಲ್ಲವೋ ಆ ಒಂದು ಮಾತು. ಅವನು ಕೈಗಳನ್ನು ಇಳಿಸಿದ.

"ನನ್ ಟವೆಲ್ ಬಿತ್ತು ಕಣವ್ವಾ!" ಎಂದ. ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿ. "ನೋಡಿಲ್ಲಿ, ನನ್ ಟವೆಲ್ ಬಿತ್ತು! ನೀನ್ ಹೇಳ್ದೇ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ!"

ಗೆರೆಗಳು ಕೆಂಪಾದವು. ಮುಬೀನಾ ತನ್ನ ಪರದೆಯನ್ನು ನೋಡಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಬೆಳಗಿನಿಂದ ಕೂತ ಹುಡುಗಿ. "ಎಲ್ಲಿ ಅಜ್ಜಾ, ನಾನು ನೋಡ್ಲಿಲ್ಲ, ಇನ್ನೊಂದ್ಸಲ ಬೀಳ್ಸಿ" ಎಂದಳು.

ಹಾಲಪ್ಪಜ್ಜ ಟವೆಲ್ ಎತ್ತಿ ಮತ್ತೆ ಬೀಳಿಸಿದ. "ಬಿತ್ತು!" ಎಂದಳು ಮುಬೀನಾ. ಮಗು ಕಣ್ಣೆತ್ತಿತು, ಕೈ ತೆಗೆಯಲಿಲ್ಲ. ಮುಬೀನಾ ತನ್ನ ಪೆನ್ನು ಬೀಳಿಸಿದಳು, ಬ್ಯಾಗು ಬೀಳಿಸಿದಳು. ಪ್ರತಿಸಲವೂ ಇಬ್ಬರೂ ಸೇರಿ "ಬಿತ್ತು!" ಎಂದರು. ನಾನು ಮೇಜಿನ ಮೇಲಿದ್ದ ಕ್ಯಾಲೆಂಡರ್ ತಳ್ಳಿದೆ. ಅಪ್ಪನ ಕೋಣೆಯೊಳಗೆ ನಾನು ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ. "ಬಿತ್ತು" ಎಂದೆ. ನನ್ನ ದನಿ ಗೋಡೆಗೆ ತಾಗಿ ಹಿಂದಿರುಗಿದಾಗ ಯಾರೋ ಅಪರಿಚಿತರು ಒಳಗೆ ಬಂದಂತಾಯಿತು. ಮಗು ಅಮ್ಮನನ್ನೇ ನೋಡುತ್ತಿತ್ತು. ನಮ್ಮದೆಲ್ಲ ಅದಕ್ಕೆ ಲೆಕ್ಕಕ್ಕಿರಲಿಲ್ಲ.

ವಸುಮತಿ ಎದ್ದಳು. ಸುತ್ತ ನೋಡಿದಳು. ಅವಳ ಹತ್ತಿರ ಬೀಳಿಸಲು ಏನೂ ಇರಲಿಲ್ಲ. ಕೊನೆಗೆ ಕೆಂಪು ಗೆರೆಯಿದ್ದ ಕಂಪ್ಯೂಟರಿನ ಮೌಸನ್ನೇ ಮೇಜಿನ ಅಂಚಿನಿಂದ ತಳ್ಳಿದಳು. ಅದು ಹೋಗಿ ವೈರಿನ ತುದಿಯಲ್ಲಿ ನೇತಾಡಿತು, ನೆಲಕ್ಕೆ ಒಂದು ಗೇಣು ಮೇಲೆ, ಅತ್ತಿತ್ತ ತೂಗುತ್ತ.

"ಬಿತ್ತು!" ಎಂದಳು ವಸುಮತಿ. ಅವಳ ಕೆನ್ನೆ ಒದ್ದೆಯಾಗಿತ್ತು.

ಶಾಂಭವಿ ಬಗ್ಗಿ ನೋಡಿತು. ಬಾಯಿಯಿಂದ ಕೈ ತೆಗೆದು, ತೂಗುತ್ತಿದ್ದ ಮೌಸಿನ ಕಡೆ ಬೆರಳು ತೋರಿಸಿ, ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಬೇಸರದಲ್ಲಿ ಹೇಳಿತು:

"ಬಿದ್ದಿಲ್ಲ."

ಹಾಲಪ್ಪಜ್ಜ ಮೊದಲು ನಕ್ಕ. ಆಮೇಲೆ ನಾವೆಲ್ಲ ನಕ್ಕೆವು. ಮಗು ನಮ್ಮ ನಗುವನ್ನು ಅನುಮಾನದಿಂದ ನೋಡಿ, ಸ್ಟೂಲಿನಿಂದಿಳಿದು ಹೋಗಿ, ಮೌಸನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಮುಟ್ಟಿಸಲು ನೋಡಿತು. ವೈರು ಸಾಲಲಿಲ್ಲ. "ಬಿದ್ದಿಲ್ಲ" ಎಂದು ಇನ್ನೊಮ್ಮೆ, ಈ ಸಲ ಅಮ್ಮನಿಗೆ ಮಾತ್ರ, ಖಚಿತಪಡಿಸಿತು. ಅದು ಆಗ ಕಲಿತ ಮಾತಲ್ಲ. ಎಷ್ಟೋ ದಿನದಿಂದ ಒಳಗೆ ಇಳಿದು, ಯಾರೂ ಭುಜ ಮುಟ್ಟಿ ಹೇಳದೆ, ಸುಮ್ಮನೆ ಕಾದು ಕೂತಿದ್ದ ಮಾತು.

"ಮತ್ತೆ ಶುರು ಮಾಡೋಣ್ವೇನಮ್ಮ?" ಎಂದು ವಸುಮತಿಯನ್ನು ಕೇಳಿದೆ. ಅಷ್ಟು ಹೊತ್ತಿಗೆ ಕಿಟಕಿಯ ಬೆಳಕು ಹಳದಿಯಾಗಿತ್ತು. ಲಿಂಕು ಮುಚ್ಚುವ ಹೊತ್ತು. ಮೊದಲಿನಿಂದ ಶುರು ಮಾಡಿದರೆ ಮುಗಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ಬ್ಯಾಡ ಅಣ್ಣಾ" ಎಂದಳು. ಆಮೇಲೆ ಹಾಲಪ್ಪಜ್ಜನ ಕಡೆ ತಿರುಗಿದಳು. "ನಿಮ್ ಆಟ ಹೋಯ್ತಲ್ಲ ಅಜ್ಜಾರೆ."

"ಹೋಗ್ಲಿ ಬಿಡು. ಇಳಿದಿದ್ರೆ ನನ್ ಹೆಂಡ್ತೀನೇ ಗೆದ್ದಿರೋಳೋ ಏನೋ. ಈಗ ಇಬ್ರೂ ಗೆದ್ದಂಗೆ." ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಮುಬೀನಾಳ ಹತ್ತಿರ ಅವನು ಏನಾದರೂ ಕೇಳುವ ಮೊದಲೇ ಅವಳು, "ನಾನು ಯಾರ ನೋಟ್ಸಾದ್ರೂ ಇಸ್ಕೋತೀನಿ. ಪ್ಲಾಸ್ಟರ್ ಮಾತ್ರ ತರೋದೇ" ಎಂದಳು.

ವಸುಮತಿ ಕಟ್ಟೆಯ ಹತ್ತಿರ ನಿಂತು ಮಗಳಿಗೆ ಚಪ್ಪಲಿ ಹಾಕಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. "ಇದು ನಿನ್ ಚಪ್ಪಲಿ" ಎಂದಳು ಅವಳು, ಹೊಸ ಭಾಷೆ ಕಲಿಯುವವರ ಹಾಗೆ ತಡೆದು ತಡೆದು. "ಇದು ಅಮ್ಮನ್ ಚಪ್ಪಲಿ. ಇದು ಅಜ್ಜಂದು, ನೋಡು ಎಷ್ಟ್ ಸವೆದೈತೆ." ಮಗುವಿನ ಕೈ ಹಿಡಿದು ಓಣಿಯಲ್ಲಿ ಹೊರಟಳು. "ಇದು ಹೋಟ್ಲು. ಒಳಗೆ ದ್ವಾಸೆ ಹೊಯ್ತಾ ಅವ್ರೆ. ಅದು ಮೇಕೆ. ಮೇಕೆ ಏನ್ ತಿಂತಾ ಐತೆ? ಪೇಪರ್ ತಿಂತಾ ಐತೆ." ತಿರುವಿನವರೆಗೂ ಅವಳ ದನಿ ಕೇಳುತ್ತಿತ್ತು. ಓಣಿಯ ಎರಡೂ ಬದಿಯ ಮನೆಗಳಲ್ಲಿ ಯಾರ್ಯಾರ ಫೈಲು ಕಡಿಯಿತೋ. ಆ ಪಾಠದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಅದೇ ಇತ್ತು.

ಹಬ್ಬ ಕಳೆದ ಮೇಲೆ ಅವರು ಜಿಲ್ಲಾಸ್ಪತ್ರೆಗೆ ಹೋಗಿ ಬಂದರು. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಶಾಂಭವಿ ಬಾಯಿ ಬಿಗಿದುಕೊಂಡೇ ಕೂತಿತ್ತಂತೆ. ಕೊನೆಗೆ ನರ್ಸು ಟ್ರೇ ಹಿಡಿದು ಬಂದಾಗ "ಸೂಜಿ ಬ್ಯಾಡ" ಎಂದಿತಂತೆ. ವಸತಿ ಶಾಲೆಯ ಮಾತು ಅಲ್ಲಿಗೇ ನಿಂತಿತು. ತಿಪ್ಪೇಶ ಕಂಪ್ಯೂಟರನ್ನು ಪಡಸಾಲೆಯಿಂದ ಎತ್ತಿ ಮಾಳಿಗೆಯ ಮೇಲಿನ ಸಣ್ಣ ಕೋಣೆಗೆ ಸಾಗಿಸಿದ. ಗಿರಾಕಿಗಳು ಮೆಟ್ಟಿಲು ಹತ್ತಬೇಕಲ್ಲ ಎಂದು ಗೊಣಗುತ್ತಾರೆ. ಗೊಣಗುವುದನ್ನು ಕೆಳಗೆ ಮಾಡಿ, ಮೇಲೆ ಸುಮ್ಮನಿರಿ ಎನ್ನುತ್ತಾನೆ ಅವನು.

ವಸುಮತಿಯ ಆ ಫೈಲು ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ಹಾಗೇ ಇದೆ. ತುದಿಗೆ ಸ್ವಲ್ಪ ಮೊದಲು ನಿಂತಿದೆ, ತೆರೆಯುವುದಿಲ್ಲ. ಉಳಿದ ಕಂಪ್ಯೂಟರುಗಳಲ್ಲಿ ಹಾಲಪ್ಪಜ್ಜನ ಬಯಲಾಟ, ಮುಬೀನಾಳ ಪಾಠ, ಮೂರೂ ಒಂದೇ ಗಳಿಗೆಗೆ ನಿಂತವು. ಹಾಲಪ್ಪಜ್ಜ ಈಗಲೂ ದಿನಾ ಟವೆಲ್ ಕಟ್ಟಿಕೊಂಡು ಬರುತ್ತಾನೆ. ಅವನ ಆಟ ಈಗಲೂ ಇಳಿದಿಲ್ಲ. ಇಳಿಯುವುದೂ ಅನುಮಾನ, ಏಕೆಂದರೆ ಶಾಂಭವಿ ಅಂಗನವಾಡಿಯಿಂದ ಮನೆಗೆ ಹೋಗುವ ದಾರಿ ನಮ್ಮ ಓಣಿಯೇ. ದಿನಾ ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು ಕಿಟಕಿ ತಳ್ಳಿ, ಮೂಗು ಒಳಗೆ ತೂರಿಸಿ ಕೇಳುತ್ತದೆ:

"ಅಜ್ಜಾ, ಟವೆಲ್ ಬಿತ್ತಾ?"

ಗೆರೆಗಳೆಲ್ಲ ನಿಲ್ಲುತ್ತವೆ. ಒಳಗಿರುವವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಕೆಲವರದು ಶುರುವಾಗಿ ಸ್ವಲ್ಪವೇ ಹೊತ್ತಾಗಿರುತ್ತದೆ, ಕೆಲವರದು ಮುಗಿಯುವುದರಲ್ಲಿರುತ್ತದೆ. ನಾನು ಕೈ ಎತ್ತುವುದಿಲ್ಲ. ಒಂದು ಕ್ಷಣ ಯಾರೂ ಏನೂ ಅನ್ನುವುದಿಲ್ಲ, ಆ ಕ್ಷಣ ನನಗೆ ಈಗಲೂ ಇಷ್ಟ. ಆಮೇಲೆ ಯಾರಾದರೂ ಒಬ್ಬರು, ಹಾಲಪ್ಪಜ್ಜನೇ ಆಗಬೇಕೆಂದಿಲ್ಲ, ಉತ್ತರ ಕೊಟ್ಟೇ ಕೊಡುತ್ತಾರೆ.

ಕೋಣೆಯ ಉಳಿದೆಲ್ಲವೂ ಅಪ್ಪನ ಕಾಲದಲ್ಲಿ ಇದ್ದಂತೆಯೇ ಇದೆ. ಕಿಟಕಿಯ ಚಿಲಕವನ್ನು ಮಾತ್ರ ನಾನು ಈಗ ಹಾಕುವುದಿಲ್ಲ.